ಎಫ್ರಾಯಿಮನ ಮಕ್ಕಳೂ ಆದಿ ಕರ್ನಾಟಕರೂ

ಮಂಡ್ಯ, ಮದ್ದೂರಿನಿಂದ ಹೊರಟ ಬಸ್ಸು ಕೆಂಗೇರಿ ದಾಟಿ ಮೈಸೂರು ರಸ್ತೆಯ ಕೊನೆ ಮುಟ್ಟುವ ಹೊತ್ತಿಗೆ ಪ್ರಯಾಣಿಕರು ಬ್ಯಾಗು, ಚೀಲ ಹುಡುಕಿಕೊಳ್ಳುವ ಗಡಿಬಿಡಿಯಲ್ಲಿರುತ್ತಾರೆ. ಆ ರಸ್ತೆಯಲ್ಲಿ ಯೆಹೂದಿಗಳ ಒಂದು ಸ್ಮಶಾನ ಉಂಟೆಂಬುದು ಅವರಲ್ಲಿ ಹೆಚ್ಚಿನವರಿಗೆ ತಿಳಿಯದು. 1904ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ದೊರೆತ ಜಾಗ ಅದು. ಮಳವಳ್ಳಿ ಕಡೆಯ ರೈತರಿಗೆ ಯೆಹೂದಿಗಳೆಂದರೆ ಬೈಬಲಿನಲ್ಲಿ ಬರುವ ಜನ. ಇಲ್ಲವೇ ಹನಿ ನೀರಾವರಿ ಕಲಿಸಿದ ಇಸ್ರೇಲಿನ ಜನ. ಅದಕ್ಕಿಂತ ಹೆಚ್ಚಿನ ಬಳಕೆ ಇಲ್ಲ.

ಹೀಗಿರುವಾಗ ದಲಿತರು ಯೆಹೂದಿಗಳಾದರೆಂದರೆ ಯಾರಿಗೂ ಸೋಜಿಗವೇ. ಅದು ನಡೆದದ್ದು ಪಕ್ಕದ ಆಂಧ್ರದಲ್ಲಿ. ಗುಂಟೂರು ಜಿಲ್ಲೆಯ ಚೇಬ್ರೋಲು ಬಳಿ ಕೊತ್ತರೆಡ್ಡಿಪಾಲೆಂ ಎಂಬ ಹಳ್ಳಿ ಇದೆ. ಅಲ್ಲಿನ ಕೆಲವು ಮಾದಿಗ ಕುಟುಂಬಗಳು ಶನಿವಾರ ಸಬ್ಬತ್ ಆಚರಿಸುತ್ತವೆ, ಹೀಬ್ರೂ ಪ್ರಾರ್ಥನೆ ಕಲಿತಿವೆ, ಪುಟ್ಟದೊಂದು ಸಿನಗಾಗ್ ಕಟ್ಟಿಕೊಂಡಿವೆ. ಇವರು ಮೊದಲು ಬ್ಯಾಪ್ಟಿಸ್ಟ್ ಕ್ರೈಸ್ತರಾಗಿದ್ದವರು. ಮೈಸೂರು ಸೀಮೆಯ ಹಿರಿಯರು ಧಾತು ಈಶ್ವರದ ಬರವೆಂದು ನೆನೆಯುತ್ತಿದ್ದ 1876-78ರ ಕ್ಷಾಮದ ಬೆನ್ನಿಗೇ, 1878ರ ಜುಲೈ 3ರಂದು, ಒಂಗೋಲು ಸೀಮೆಯಲ್ಲಿ ಅಮೆರಿಕದ ಪಾದ್ರಿ ಜಾನ್ ಕ್ಲಫ್‌ನ ಮಿಷನ್ 2,222 ಮಂದಿಗೆ ಒಂದೇ ದಿನ ದೀಕ್ಷಾಸ್ನಾನ ಮಾಡಿಸಿತ್ತು. ಅವರಲ್ಲಿ ಬಹುಪಾಲು ಮಾದಿಗರು. ಮತ ಬದಲಾಯಿತು, ಕೇರಿ ಇದ್ದಲ್ಲೇ ಇತ್ತು.

1980ರ ದಶಕದ ಕೊನೆಯ ಹೊತ್ತಿಗೆ, ಕ್ರೈಸ್ತ ಬೋಧಕರಾಗಿದ್ದ ಯಾಕೋಬಿ ಸಹೋದರರು ಹೊಸ ಮಾತು ಎತ್ತಿದರು. ತಮ್ಮದು ಮತಾಂತರವೇ ಅಲ್ಲ ಎಂಬುದು ಅವರ ವಾದ. ಕ್ರಿ.ಪೂ. 722ರ ಸುಮಾರಿಗೆ ಅಸ್ಸೀರಿಯದವರು ಇಸ್ರೇಲ್ ರಾಜ್ಯವನ್ನು ಗೆದ್ದು ಚದುರಿಸಿದ ಹತ್ತು ಕುಲಗಳಲ್ಲಿ ಎಫ್ರಾಯಿಮನದೂ ಒಂದು. ತಾವು ಆ ಕುಲದವರು. ಮರೆತ ಮನೆಗೆ ಮರಳುತ್ತಿದ್ದೇವೆ, ಅಷ್ಟೆ. ಬೆನೆ ಎಫ್ರಾಯಿಮ್, ಅಂದರೆ ಎಫ್ರಾಯಿಮನ ಮಕ್ಕಳು, ಎಂಬ ಹೆಸರು ಬಂದದ್ದು ಹೀಗೆ.

ಇದಕ್ಕೆ ಅವರು ಕೊಡುವ ಸಾಕ್ಷಿಗಳನ್ನು ನೋಡಬೇಕು. ಸತ್ತವರನ್ನು ಸುಡುವುದಿಲ್ಲ, ಹೂಳುತ್ತೇವೆ. ದನದ ಮಾಂಸ ತಿನ್ನುತ್ತೇವೆ. ಊರವರು ಯಾವುದನ್ನು ಹೇಳಿ ಶತಮಾನಗಳ ಕಾಲ ಹೀಗಳೆದರೋ ಅದನ್ನೇ ಇವರು ವಂಶದ ದಾಖಲೆಯಾಗಿ ಮುಂದಿಟ್ಟರು. ಹೊಸ ದೇವರು ಸಿಕ್ಕಿದ್ದಕ್ಕಿಂತ ಇದು ದೊಡ್ಡದು. ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬಹುದು. ಯೆಹೂದಿಗಳ ಪರಮ ಪವಿತ್ರ ಗ್ರಂಥವಾದ ತೋರಾ ಸುರುಳಿಯನ್ನು ಕಾಗದದ ಮೇಲೆ ಬರೆಯುವಂತಿಲ್ಲ. ಹಸು, ಕುರಿಯಂಥ ಶುದ್ಧವೆನಿಸಿದ ಪ್ರಾಣಿಯ ಹದಮಾಡಿದ ತೊಗಲೇ ಬೇಕು. ತೊಗಲು ಹದಮಾಡಿದ್ದಕ್ಕೇ ಊರಾಚೆ ಇಟ್ಟ ಜನಕ್ಕೆ ಈ ವಿಷಯ ತಿಳಿದಾಗ ಏನನ್ನಿಸೀತು!

ವಿಜ್ಞಾನ ಏನೆನ್ನುತ್ತದೆ ಎಂದು ಕೇಳುವವರಿದ್ದಾರೆ. ಕೊಂಕಣ ತೀರದ ಬೆನೆ ಇಸ್ರೇಲಿಗಳಲ್ಲಿ ಯೆಹೂದಿ ಮೂಲದ ಅಂಶವೂ ಭಾರತೀಯ ಅಂಶವೂ ಬೆರೆತಿರುವುದನ್ನು 2016ರ ಡಿ.ಎನ್.ಎ. ಅಧ್ಯಯನ ತೋರಿಸಿತು. ಆದರೆ 2,700 ವರ್ಷವೆಂದರೆ, ತಲೆಮಾರಿಗೆ 25 ವರ್ಷದಂತೆ, 108 ತಲೆಮಾರು, ಅಷ್ಟೋತ್ತರವೇ ಆಯಿತು. ಮೂವತ್ತೇ ತಲೆಮಾರು ಹಿಂದಕ್ಕೆ ಹೋದರೂ ಒಬ್ಬನ ವಂಶವೃಕ್ಷದಲ್ಲಿ ಪೂರ್ವಜರ ಸ್ಥಾನ ನೂರು ಕೋಟಿ ಮೀರುತ್ತದೆ. ಅಷ್ಟು ದೂರದ ಒಬ್ಬ ಅಜ್ಜನ ಗುರುತು ಇಂದಿನ ರಕ್ತದಲ್ಲಿ ಉಳಿದಿರಲೇಬೇಕೆಂದಿಲ್ಲ.

ಮೂಲ ಹುಡುಕುವ ಈ ಹಂಬಲ ಆಂಧ್ರದ್ದು ಮಾತ್ರವಲ್ಲ. ಮದರಾಸಿನಲ್ಲಿ 1898ರಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದ ಅಯೋತಿದಾಸ ಪಂಡಿತರು, ಪರೆಯರು ಮೂಲತಃ ಬೌದ್ಧರೆಂದರು. ಕೋಲಾರ ಚಿನ್ನದ ಗಣಿಯ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್‌ಗಳ ತಮಿಳು ಕಾರ್ಮಿಕರು ಆ ಮಾತನ್ನು ಬೇಗ ಹಿಡಿದುಕೊಂಡರು. ಅಸ್ಪೃಶ್ಯರು ಹಿಂದೆ ಬೌದ್ಧರಾಗಿದ್ದವರೆಂದು ಅಂಬೇಡ್ಕರ್ 1948ರಲ್ಲಿ ವಾದಿಸಿದರು; 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದರು. ಮಂಡ್ಯ ಜಿಲ್ಲೆಯ ಜಾತಿ ಪ್ರಮಾಣಪತ್ರಗಳಲ್ಲಿ ಕಾಣುವ ‘ಆದಿ ಕರ್ನಾಟಕ’ ಎಂಬ ಹೆಸರನ್ನೇ ನೋಡಿ. ಮೈಸೂರು ಸರ್ಕಾರ 1920ರ ದಶಕದಲ್ಲಿ ಬಳಕೆಗೆ ತಂದ ಆ ‘ಆದಿ’ಯಲ್ಲಿ, ಈ ನೆಲಕ್ಕೆ ಮೊದಲು ಬಂದವರು ನಾವೆಂಬ ಮಾತು ಅಡಗಿದೆ. ಮುಂದೆ ಅದರಿಂದ ತೊಡಕೂ ಆಯಿತು. ಒಂದು ಸೀಮೆಯಲ್ಲಿ ಹೊಲೆಯರೂ ಇನ್ನೊಂದರಲ್ಲಿ ಮಾದಿಗರೂ ಅದೇ ಹೆಸರು ಬರೆಸಿದ್ದರಿಂದ, 2025ರಲ್ಲಿ ಒಳಮೀಸಲಾತಿಯ ಲೆಕ್ಕ ಹಾಕುವವರು ತಲೆ ಕೆರೆದುಕೊಳ್ಳಬೇಕಾಯಿತು.

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಪರಂಪರೆ ಬೇರೊಂದು ದಾರಿ ಹಿಡಿಯಿತು. ಅದು ಹೊರಗಿನ ಮೂಲ ಹುಡುಕಲಿಲ್ಲ. ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯಲ್ಲಿ ಹಲವು ಜಾತಿಯವರು ಬಾಡೂಟಕ್ಕೆ ಸಾಲಾಗಿ ಕೂರುವ ರೂಢಿಯೇ ಅದರ ಉತ್ತರ.

ಯೆಹೂದಿ ಮತದ ಬಾಗಿಲು ಮಾತ್ರ ಬಲು ಬಿಗಿ. ಅವರು ಜನರನ್ನು ಕರೆಯಲು ಬೀದಿಗಿಳಿಯುವುದಿಲ್ಲ. ಬಂದವರನ್ನೂ ಹಿಂದಕ್ಕೆ ಕಳಿಸಿ ಪರೀಕ್ಷಿಸುವುದು ರಬ್ಬಿಗಳ ಹಳೆಯ ಪದ್ಧತಿ. ತಾಯಿ ಯೆಹೂದಿಯಾಗಿರಬೇಕು, ಇಲ್ಲವೇ ರಬ್ಬಿಗಳ ಮಂಡಲಿಯ ಮುಂದೆ ವಿಧಿಪೂರ್ವಕ ಸೇರಬೇಕು. ಮಿಜೋರಾಂ, ಮಣಿಪುರದ ಬ್ನೆಯಿ ಮೆನಾಶೆಯವರನ್ನು ಇಸ್ರೇಲಿನ ಮುಖ್ಯ ರಬ್ಬಿಯೊಬ್ಬರು 2005ರಲ್ಲಿ ಕಳೆದುಹೋದ ಕುಲದವರೆಂದು ಒಪ್ಪಿದರು. ಸಾವಿರಾರು ಮಂದಿ ಅಲ್ಲಿಗೆ ಹೋಗಿ ನೆಲೆಸಿದರು. ಗುಂಟೂರಿನವರಿಗೆ ಅಂಥ ಒಪ್ಪಿಗೆ ಸಿಗಲಿಲ್ಲ. ಒಳಹೊಕ್ಕರೆ ಸಮಾನತೆ ಸಿಕ್ಕೇ ಸಿಗುತ್ತದೆಯೇ? ಕೊಚ್ಚಿಯಲ್ಲಿ ಬಿಳಿ ಯೆಹೂದಿ, ಕರಿ ಯೆಹೂದಿ ಎಂಬ ಭೇದ ಇತ್ತು. 1568ರ ಪರದೇಶಿ ಸಿನಗಾಗ್‌ನಲ್ಲಿ ಬಿಡುಗಡೆಗೊಂಡ ಗುಲಾಮರ ವಂಶಸ್ಥರಿಗೆ ಸಮಾನ ಸ್ಥಾನವಿರಲಿಲ್ಲ. ಅದರ ವಿರುದ್ಧ ವಕೀಲ ಎ.ಬಿ. ಸೇಲಂ ಗಾಂಧೀಜಿಯ ರೀತಿಯಲ್ಲಿ ಸತ್ಯಾಗ್ರಹವನ್ನೇ ಹೂಡಬೇಕಾಯಿತು.

ಇನ್ನು ಸರ್ಕಾರಿ ಕಾಗದದ ಮಾತು. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ, ಮುಸ್ಲಿಂ, ಯೆಹೂದಿ ಮತಗಳಿಗೆ ಸೇರಿದವರು ಹೊರಗೇ ಉಳಿದರು. ಬೇರೆ ಮತಕ್ಕೆ ಹೋದ ದಲಿತರ ಪ್ರಶ್ನೆ ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು. ಮದ್ದೂರಿನ ಹುಡುಗನೊಬ್ಬ ತಾನು ಎಫ್ರಾಯಿಮನ ಕುಲದವನೆಂದು ಬರೆದುಕೊಟ್ಟರೆ, ಇಸ್ರೇಲ್ ಅವನನ್ನು ಒಪ್ಪುವ ಮೊದಲೇ ನಾಡಕಚೇರಿಯ ಪ್ರಮಾಣಪತ್ರ ಕೈತಪ್ಪೀತು. ಅದರೊಂದಿಗೆ ಹಾಸ್ಟೆಲ್ಲು, ವಿದ್ಯಾರ್ಥಿವೇತನ, ನೌಕರಿಯ ಆಸೆ. ಬೌದ್ಧನಾದರೆ ಆ ಭಯವಿಲ್ಲ. ಆದರೂ 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಮನೆಮನೆ ಸಮೀಕ್ಷೆ ಶುರುವಾದಾಗ, ಧರ್ಮದ ಕಾಲಂನಲ್ಲಿ ‘ಬೌದ್ಧ’ ಎಂದು ಬರೆಸಿದರೆ ಮೀಸಲಾತಿ ಹೋಗುವುದೋ ಎಂಬ ಪ್ರಶ್ನೆ ಮತ್ತೆ ಎದ್ದಿತು. ಕಾನೂನು ತಿದ್ದುಪಡಿಯಾಗಿ ಆಗಲೇ 35 ವರ್ಷವಾಗಿತ್ತು.