ಗೋವಾದ ತಾಟು, ಬೆಳಗಾವಿಯ ಹೊಲ

ಮಾಸ್ಕೋದಿಂದಲೋ ಮ್ಯಾಂಚೆಸ್ಟರಿನಿಂದಲೋ ಗೋವಾಕ್ಕೆ ಬಂದಿಳಿದವರ ತಾಟಿಗೆ ಬೀಳುವ ಸೌತೆಕಾಯಿ, ಟೊಮೆಟೊ, ಎಲೆಕೋಸು ಬಹುಪಾಲು ಬೆಳಗಾವಿ ಮಾರುಕಟ್ಟೆಯಿಂದ ಹೋದವು. ರಾತ್ರಿ ಇಲ್ಲಿ ಲಾರಿ ತುಂಬಿದರೆ ಮಾಲು ಜಾಂಬೋಟಿ, ಕಣಕುಂಬಿ ದಾಟಿ, ಚೋರ್ಲಾ ಘಾಟು ಇಳಿದು ಬೆಳಗಾಗುವುದರೊಳಗೆ ಸಾಖಳಿ, ಮಾಪುಸಾ, ಪಣಜಿ ಸೇರಿರುತ್ತದೆ. ಗೋವಾ ಸರ್ಕಾರದ ತೋಟಗಾರಿಕೆ ನಿಗಮ ತನ್ನ ಜನರಿಗೆ ರಿಯಾಯಿತಿ ದರದಲ್ಲಿ ಮಾರುವ ಕಾಯಿಪಲ್ಯವೂ ಹೆಚ್ಚಾಗಿ ಇಲ್ಲಿಯದೇ. ಜಾಗತೀಕರಣ ಎಂದ ಕೂಡಲೇ ನಾವು ಬೆಂಗಳೂರಿನ ಗಾಜಿನ ಕಟ್ಟಡಗಳ ಕಡೆ ಕೈ ತೋರಿಸುತ್ತೇವೆ. ಈ ದಾರಿ ಹಾದುಹೋಗುವ ಖಾನಾಪುರ ಸೀಮೆಯವರಿಗೆ ಅದು ಮನೆ ಮುಂದಿನ ರಸ್ತೆಯಲ್ಲೇ ದಿನವೂ ಓಡಾಡುತ್ತಿದೆ.

ಇದು 1991ರ ಆರ್ಥಿಕ ಉದಾರೀಕರಣದ ನಂತರ ಹುಟ್ಟಿದ ನಂಟಲ್ಲ. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡರು. ಮರ್ಮಗೋವಾ ಬಂದರಿನಿಂದ ಗಡಿಯ ಕ್ಯಾಸಲ್‌ರಾಕ್‌ವರೆಗೆ, ಅಲ್ಲಿಂದ ಲೋಂಡಾ ಮೂಲಕ ನಮ್ಮ ಬಯಲುಸೀಮೆಗೆ ರೈಲು ಬರುವುದೆಂದು ಗೊತ್ತಾಯಿತು. 1888ರ ಹೊತ್ತಿಗೆ ಗಾಡಿ ಓಡತೊಡಗಿತು. ಖಾನಾಪುರ ತಾಲೂಕಿನ ಕಾಡಂಚಿನ ಲೋಂಡಾ ಜಂಕ್ಷನ್ ಆದದ್ದು ಲಂಡನ್ ಮತ್ತು ಲಿಸ್ಬನ್ನುಗಳ ಲೆಕ್ಕಾಚಾರದಿಂದ.

ಎರಡು ದೇಶಗಳು ಮುನಿಸಿಕೊಂಡರೆ ಏನಾಗುತ್ತದೆ ಎಂಬುದನ್ನೂ ಈ ಸೀಮೆ ಕಂಡಿದೆ. 1955ರ ಆಗಸ್ಟ್ 15ರಂದು ಗೋವಾ ಗಡಿಯಲ್ಲಿ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದ ಮೇಲೆ ದಿಲ್ಲಿ ಸರ್ಕಾರ ಗಡಿ ಮುಚ್ಚಿತು, ರೈಲು ನಿಲ್ಲಿಸಿತು. ಪೋರ್ಚುಗಲ್ಲಿನ ಸರ್ವಾಧಿಕಾರಿ ಸಾಲಜಾರ್ ಸೋಲೊಪ್ಪಲಿಲ್ಲ. ಗೋವಾ ಬಟಾಟಿಯನ್ನು ಹಾಲೆಂಡಿನಿಂದ, ಅಕ್ಕಿ ತರಕಾರಿಯನ್ನು ಪಾಕಿಸ್ತಾನದಿಂದ, ಸಿಮೆಂಟನ್ನು ಜಪಾನಿನಿಂದ ತರಿಸಿಕೊಂಡಿತು. ಕಬ್ಬಿಣದ ಅದಿರು ಮಾರಿ ಬಂದ ದುಡ್ಡು ಅದಕ್ಕೆ ಸಾಕಾಗುತ್ತಿತ್ತು. ಘಾಟು ಇಳಿದರೆ ಸಿಗುವ ಗಿರಾಕಿಯನ್ನು ಬೆಳಗಾವಿ ಆರು ವರ್ಷ ಕಳೆದುಕೊಂಡಿತು, ಸಾವಿರಾರು ಮೈಲಿ ದೂರದ ಡಚ್ ರೈತ ಗಳಿಸಿದ. 1961ರ ಡಿಸೆಂಬರಿನಲ್ಲಿ ಭಾರತದ ಸೈನ್ಯ ಗೋವಾಕ್ಕೆ ನುಗ್ಗಿದಾಗ ಅದರ ನೆಲೆ ಇದೇ ಬೆಳಗಾವಿಯಾಗಿತ್ತು. ನಿರ್ಬಂಧ ಹೇರಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅದರ ಬೆಲೆಯನ್ನು ಯಾರು ತೆತ್ತರು ಎಂಬುದು ಮಾತ್ರ ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಸಿಗುವುದಿಲ್ಲ.

ಅಂಥದ್ದೇ ಪಾಠ 2020ರ ಮಾರ್ಚಿನಲ್ಲಿ ಮತ್ತೆ ಬಂತು. ಕೊರೊನಾ ಭಯಕ್ಕೆ ಗೋವಾ ಗಡಿ ಬಿಗಿ ಮಾಡಿತು. ಅತ್ತ ಜನ ತರಕಾರಿಗೆ ಪರದಾಡಿದರು, ಇತ್ತ ಕಟಾವಿಗೆ ಬಂದ ಬೆಳೆ ಹೊಲದಲ್ಲೇ ಉಳಿಯಿತು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರಷ್ಯದ ಚಾರ್ಟರ್ ವಿಮಾನಗಳು ನಿಂತವು. ಬ್ರಿಟನ್ನಿನವರಿಗೆ ಭಾರತದ ಇ-ವೀಸಾ ಮತ್ತೆ ಸಿಕ್ಕಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಗೋವಾಕ್ಕೆ ಬರುವವರಲ್ಲಿ ಹೆಚ್ಚಿನವರು ನಮ್ಮ ದೇಶದವರೇ ಆದ್ದರಿಂದ ಮಾರುಕಟ್ಟೆ ಮಲಗಲಿಲ್ಲ, ನಿಜ. ಆದರೆ ದಿಲ್ಲಿಯಲ್ಲಿ ವೀಸಾ ನಿಯಮ ಬದಲಾದರೆ ಗೋವಾದ ಹೋಟೆಲಿನ ಅಡುಗೆಮನೆ ಮೊದಲು ತಿಳಿದುಕೊಳ್ಳುತ್ತದೆ, ಆಮೇಲೆ ಅಲ್ಲಿಗೆ ಮಾಲು ಕಳಿಸುವ ವ್ಯಾಪಾರಿ, ಕೊನೆಗೆ ದಲಾಲ. ರೈತನಿಗೆ ತಿಳಿಯುವುದು ಕೊತ್ತಂಬರಿ ಸಿವುಡಿನ ದರ ಬಿದ್ದ ಮೇಲೆ, ಅದೂ ಕಾರಣ ಗೊತ್ತಾಗದೆ.

ಜನರ ವಲಸೆಯ ಸರಪಳಿ ಇದಕ್ಕಿಂತ ವಿಚಿತ್ರ. 1961ಕ್ಕೆ ಮುಂಚೆ ಗೋವಾದಲ್ಲಿ ಹುಟ್ಟಿದವರೂ ಅವರ ಮಕ್ಕಳು ಮೊಮ್ಮಕ್ಕಳೂ ಪೋರ್ಚುಗಲ್ಲಿನ ಪೌರತ್ವ ಕೇಳಬಹುದು. ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿದ್ದಾಗ ಆ ಪಾಸ್‌ಪೋರ್ಟ್ ಹಿಡಿದು ಎಷ್ಟೋ ಗೋವಾದವರು ಇಂಗ್ಲೆಂಡಿಗೆ ಹೋದರು. ಸ್ವಿಂಡನ್ ಪಟ್ಟಣದಲ್ಲಿ ಅವರದೇ ದೊಡ್ಡ ಸಮುದಾಯವಿದೆ. ಇತ್ತ ಗೋವಾದ ಕಟ್ಟಡ ಕೆಲಸಕ್ಕೆ, ಹೋಟೆಲ್ ಕೆಲಸಕ್ಕೆ ಖಾನಾಪುರದಿಂದ, ಉತ್ತರ ಕರ್ನಾಟಕದ ಬೇರೆ ಜಿಲ್ಲೆಗಳಿಂದ ಜನ ಹೋಗುತ್ತಾರೆ. ಗೋವಾದವನು ಸ್ವಿಂಡನ್ನಿನಲ್ಲಿ ಹೊರಗಿನವ, ನಮ್ಮವನು ಗೋವಾದಲ್ಲಿ ಹೊರಗಿನವ. ಒಂದೇ ವ್ಯತ್ಯಾಸ: ಅವನ ಕೈಯಲ್ಲಿ ಹಕ್ಕಿನ ಕಾಗದವಿದೆ. ಇವನು ತನ್ನ ದೇಶದೊಳಗೇ ಇದ್ದರೂ, 2004ರಲ್ಲಿ ವಾಸ್ಕೋದ ಬೈನಾ ತೀರದಲ್ಲಿ ಕನ್ನಡಿಗರ ಮನೆಗಳೂ ನೆಲಸಮವಾದಾಗ ಆಸರೆಗೆ ಬರುವ ಕಾಗದ ಯಾವುದೂ ಇರಲಿಲ್ಲ.

ಬೆಳಗಾವಿ ಪಟ್ಟಣಕ್ಕೆ ಜಗತ್ತನ್ನು ತನ್ನಲ್ಲಿ ನಿಲ್ಲಿಸಿಕೊಳ್ಳುವ ಜಾಣತನ ಒಲಿದಿದೆ. ಉದ್ಯಮಬಾಗದ ಫೌಂಡ್ರಿಗಳ ಎರಕದ ಬಿಡಿಭಾಗಗಳು ಹೊರದೇಶಕ್ಕೆ ಹೋಗುತ್ತವೆ. ಹತ್ತಿರದ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ತಯಾರಾಗುತ್ತವೆ. 2010ರಿಂದ ಮಲೇಷ್ಯಾದ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗಳು ಇಲ್ಲಿನ ಕೆಎಲ್‌ಇ ಶಿಕ್ಷಣ ಸಂಸ್ಥೆಯ ಆವರಣದಲ್ಲಿ ವೈದ್ಯಕೀಯ ಓದಿದ್ದಾರೆ. ಖಾನಾಪುರದಲ್ಲಿ ಹಾಗಾಗಲಿಲ್ಲ, ಜಗತ್ತು ಅದನ್ನು ಹಾದು ಹೋಗುತ್ತದೆ ಅಷ್ಟೆ. ಮರ್ಮಗೋವಾದಲ್ಲಿ ಇಳಿದ ಪರದೇಶದ ಕಲ್ಲಿದ್ದಲು ಲೋಂಡಾ ದಾಟಿ ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಹೋಗುತ್ತದೆ. ಆ ರೈಲು ಹಾದಿಯನ್ನು ಜೋಡಿಮಾರ್ಗ ಮಾಡಲು ಹೊರಟಾಗ ಗೋವಾದ ಜನ ಬೀದಿಗಿಳಿದರು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಿನೈಘಾಟ್–ಕುಳೆ ಮಾರ್ಗಕ್ಕೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದು ಮಾಡಿತು. ಅದೇ ಕಾಡು ನಮ್ಮ ಕಡೆಗೂ ಇದೆ, ನಮ್ಮ ದನಿ ಮಾತ್ರ ಅಷ್ಟು ಕೇಳಲಿಲ್ಲ.

ಬೆಳಗಾವಿಯ ರಾಜಕಾರಣಕ್ಕೆ ಗಡಿ ಎಂದರೆ ಮಹಾರಾಷ್ಟ್ರ, ಗೋವಾ ಎಂದರೆ ಮಹದಾಯಿ ನದಿ ನೀರಿನ ಜಗಳ. ಎರಡೂ ದೊಡ್ಡ ಪ್ರಶ್ನೆಗಳೇ. ಆದರೆ ಬೆಳಗಾವಿ ಸುವರ್ಣಸೌಧದ ವಿಧಾನಮಂಡಲ ಅಧಿವೇಶನದಲ್ಲಿ ಚೋರ್ಲಾ ರಸ್ತೆಗೆ ಸಿಗುವ ನಿಮಿಷಗಳೆಷ್ಟು? ಮಳೆಗಾಲದಲ್ಲಿ ಆ ರಸ್ತೆ ಕೆಟ್ಟರೆ ಕೊಳೆಯುವುದು ನಮ್ಮ ಮಾಲು. ಆದ್ದರಿಂದ ಈ ಸಲ ಶಾಸಕರು ಮೂರು ಸಂಗತಿ ಎತ್ತಲಿ. ಆ ರಸ್ತೆ ವರ್ಷವಿಡೀ ಲಾರಿ ತಾಳುವಂತಾಗಲಿ. ಖಾನಾಪುರದಲ್ಲಿ ತರಕಾರಿಗೆ ಶೀತಲಗೃಹ ಬರಲಿ. ಗೋವಾದ ತೋಟಗಾರಿಕೆ ನಿಗಮ ನಮ್ಮ ರೈತ ಉತ್ಪಾದಕ ಕಂಪನಿಗಳಿಂದ ಮೊದಲೇ ಗೊತ್ತಾದ ದರಕ್ಕೆ ನೇರವಾಗಿ ಕೊಳ್ಳುವಂತೆ ಎರಡೂ ಸರ್ಕಾರಗಳ ನಡುವೆ ಕರಾರಾಗಲಿ. 1955ರಲ್ಲಿ ಗೋವಾದ ಜೊತೆ ಮಾತಾಡಲು ವಿದೇಶಾಂಗ ಇಲಾಖೆ ಬೇಕಿತ್ತು. ಈಗ ಇಬ್ಬರು ಮುಖ್ಯಮಂತ್ರಿಗಳು ಕೂತು ಮಾತಾಡಿದರೆ ಸಾಕು.