ಪರೀಕ್ಷೆಗೆ ಬರುವುದೇ?



ಪಠ್ಯಪುಸ್ತಕದ ಗಡಿಯನ್ನು ದಾಟಿ ಒಂದು ಮಾತನ್ನಾಡಿದೊಡನೆ, “ಗುರುಗಳೇ, ಇದು ಪರೀಕ್ಷೆಗೆ ಬರುವುದೇ?” ಎಂಬ ಪ್ರಶ್ನೆ ತರಗತಿಯಲ್ಲಿ ಏಳುತ್ತದೆ. ಊರು ಬಿಟ್ಟು ಬಂದು ಈ ಮಹಾನಗರದಲ್ಲಿ ಬಾಳು ಕಟ್ಟುತ್ತಿರುವ ಮನೆಗಳ ಮಕ್ಕಳು ನೀವು. ಅಂಕಗಳ ಬೆಲೆಯನ್ನು ನಾನೂ ಬಲ್ಲೆ. ಆದರೂ ವಿದ್ಯೆಯ ಬಾಗಿಲಲ್ಲಿ ಈ ಪ್ರಶ್ನೆಯೊಂದೇ ಕಾವಲು ನಿಲ್ಲತಕ್ಕದ್ದಲ್ಲವೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಒಂದು ಸಂಖ್ಯೆಯನ್ನೇ ಸಾಕ್ಷಿಯಾಗಿ ಕರೆಯುತ್ತೇನೆ.

ಮೂವತ್ತೊಂದು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಒಂದನ್ನು ಕಳೆದರೆ 2,14,74,83,647 ಬರುತ್ತದೆ. ಇದು ಅವಿಭಾಜ್ಯವೇ? ವಿಭಾಜ್ಯವಾಗಿದ್ದರೆ ಇದರ ಒಂದು ಭಾಜಕವಾದರೂ ವರ್ಗಮೂಲವನ್ನು, ಎಂದರೆ ಸುಮಾರು 46,340ನ್ನು, ಮೀರಲಾರದು. ಅಷ್ಟನ್ನೂ ಭಾಗಿಸಿ ನೋಡುವುದು ಬಹು ಪ್ರಯಾಸದ ಕೆಲಸ. ದೃಷ್ಟಿಯನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದ ಆಯ್ಲರನು ಮೊದಲು ಯೋಚಿಸಿದನು. ಇದಕ್ಕೆ ಅವಿಭಾಜ್ಯ ಭಾಜಕವಿದ್ದರೆ, ಅದನ್ನು 31ರಿಂದ ಭಾಗಿಸಿದಾಗ ಶೇಷ 1 ಉಳಿಯಬೇಕು. 8ರಿಂದ ಭಾಗಿಸಿದಾಗ 1 ಅಥವಾ 7 ಉಳಿಯಬೇಕು. ಈ ಜರಡಿಯಲ್ಲಿ ನಾನ್ನೂರಕ್ಕೂ ಕಡಮೆ ಸಂಖ್ಯೆಗಳು ಉಳಿದವು. ಅವುಗಳಲ್ಲಿ ಒಂದೂ ಭಾಗಿಸಲಿಲ್ಲ. ಸಂಖ್ಯೆ ಅವಿಭಾಜ್ಯವೆಂದು 1772ರಲ್ಲಿ ಸಿದ್ಧವಾಯಿತು.

ಇಂತಹ ಅವಿಭಾಜ್ಯಗಳಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗಳು ಕೇವಲ ಕುತೂಹಲದ ವಸ್ತುಗಳು, ಉಪಯೋಗವಿಲ್ಲದವು. ಆದುದರಿಂದ ಇದಕ್ಕೂ ಮುಂದಿನದನ್ನು ಯಾರೂ ಅರಸಲಾರರು ಎಂದು ಬಾರ್ಲೋ ಎಂಬ ಆಂಗ್ಲ ಗಣಿತಜ್ಞನು 1811ರಲ್ಲಿ ಬರೆದನು. ಆದರೆ ಹುಡುಕಾಟ ನಿಲ್ಲಲಿಲ್ಲ. 1876ರಲ್ಲಿ ಲ್ಯೂಕಾ ಎಂಬ ಫ್ರೆಂಚ್ ಗಣಿತಜ್ಞನು ಇದೇ ಜಾತಿಯ 39 ಅಂಕಿಗಳ ಅವಿಭಾಜ್ಯವನ್ನು ಕಂಡನು. 2024ರಲ್ಲಿ ದೊರೆತುದಕ್ಕೆ 4,10,24,320 ಅಂಕಿಗಳು! ಇನ್ನು ಉಪಯೋಗದ ಮಾತು: 1969ರಲ್ಲಿ ಐ.ಬಿ.ಎಂ. ಗಣಕಯಂತ್ರಕ್ಕಾಗಿ, ಪಗಡೆಯ ದಾಳದಂತೆ ಕ್ರಮವಿಲ್ಲದೆ ತೋರುವ ಸಂಖ್ಯೆಗಳನ್ನು ಹುಟ್ಟಿಸುವ ಸೂತ್ರವೊಂದನ್ನು ರಚಿಸಿದವರು, ಭಾಜಕವಾಗಿ ಆರಿಸಿಕೊಂಡುದು ಆಯ್ಲರನ ಈ ಸಂಖ್ಯೆಯನ್ನೇ. ಅದು ಅವಿಭಾಜ್ಯವಾದುದರಿಂದಲೇ ಆ ಸೂತ್ರ ಸೊಗಸಾಗಿ ನಡೆಯಿತು.

ಸುಮಾರು ಇನ್ನೂರು ವರ್ಷಗಳ ಮುಂದಿನ ಈ ಪ್ರಯೋಜನವನ್ನು ಆಯ್ಲರನು ಕಂಡಿರಲಿಲ್ಲ. ಅವನು ಕೇಳಿದುದು ಇಷ್ಟೇ: ಇದು ನಿಜವೇ? ನಿಜವಾದರೆ ಏಕೆ? ಈ ಪ್ರಶ್ನೆಗೆ ಹಣ ಬೇಡ, ಯಂತ್ರ ಬೇಡ. ನಮ್ಮ ಕನ್ನಡದಲ್ಲಿಯೇ ಇದನ್ನು ಕೇಳಬಹುದು, ಕನ್ನಡದಲ್ಲಿಯೇ ಉತ್ತರವನ್ನೂ ಸಾಧಿಸಬಹುದು.

ಹದಿಮೂರು ಎರಡುಗಳನ್ನು ಗುಣಿಸಿ ಒಂದನ್ನು ಕಳೆಯಿರಿ: 8,191. ಆಯ್ಲರನ ಜರಡಿಯಲ್ಲಿ 31ರ ಬದಲು 13ನ್ನಿಟ್ಟು ನೋಡಿದರೆ, ಒಂದೇ ಒಂದು ಭಾಗಾಕಾರದಿಂದ ಇದು ಅವಿಭಾಜ್ಯವೆಂದು ತಿಳಿಯುತ್ತದೆ. ಆ ಒಂದು ಭಾಜಕ ಯಾವುದು? ಹುಡುಕಿ ನೋಡಿರಿ. ಇದು ಪರೀಕ್ಷೆಗೆ ಬರುವುದಿಲ್ಲ.