ನೆಲದ ಹೊದಿಕೆ, ನೆಲದಡಿಯ ತೇವ



ನಮ್ಮ ಹಿರಿಯರ ಮನೆಗಳಲ್ಲಿ ನೆಲವೆಂದರೆ ಸಗಣಿಯಿಂದ ಸಾರಿಸಿದ ಮಣ್ಣಿನ ನೆಲ. ತರುವಾಯ ಗಾರೆ ಬಂದಿತು, ರೆಡ್ ಆಕ್ಸೈಡಿನ ಕೆಂಪು ನೆಲ ಬಂದಿತು, ಮೊಸಾಯಿಕ್ಕು, ಟೈಲ್ಸು ಬಂದವು. ಈಗ ಮರದಂತೆ ತೋರುವ ಲ್ಯಾಮಿನೇಟ್ ಹಲಗೆಗಳ ಕಾಲ. ಅವನ್ನು ಕೊಂಡು ತಂದು ಕೈಯಾರೆ ಹಾಸಿಕೊಳ್ಳುವ ಗೃಹಸ್ಥರೂ ನಮ್ಮಲ್ಲಿದ್ದಾರೆ.

ಅರಕಲಗೂಡು ಕಡೆಯ ಭಕ್ತರೊಬ್ಬರು ವೃದ್ಧ ತಾಯಿಯ ಕಾಲಿಗೆ ಕೆಂಪು ನೆಲದ ಥಂಡಿ ಆಗಿಬಾರದೆಂದು ಆಷಾಢದ ಮಳೆಯಲ್ಲಿಯೇ ಹಲಗೆ ಹಾಸಿದರು. ಎರಡು ದಿನದಲ್ಲಿ ಕೆಲಸ ಮುಗಿಯಿತು. ಮರುವರ್ಷದ ಮಳೆಗಾಲದಲ್ಲಿ ಮೂಲೆಯ ಹಲಗೆಗಳು ಉಬ್ಬಿ ಮೇಲೆದ್ದವು. ತಾಯಿ ಎಡವಿ ಬಿದ್ದರು. ಪುಣ್ಯವಶಾತ್ ಮೂಳೆ ಮುರಿಯಲಿಲ್ಲ. “ಕೆಲಸದವರನ್ನು ಕರೆಯದೆ ನಾನೇ ಮಾಡಿದ್ದು ತಪ್ಪಾಯಿತೇ ಗುರುಗಳೇ?” ಎಂದು ಅವರು ನನ್ನನ್ನು ನೊಂದು ಕೇಳಿದರು.

ಕೈಯಾರೆ ಮಾಡಿದ್ದು ತಪ್ಪಲ್ಲ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಮೇದಾರ ಕೇತಯ್ಯನವರು ಬಿದಿರು ಹೆಣೆದರು. ಆದರೆ ಹುಲ್ಲಿನ ಗುಣವನ್ನು, ಬಿದಿರಿನ ಗುಣವನ್ನು ಅರಿಯದೆ ಆ ಕಾಯಕಗಳು ನಡೆಯಲಾರವು. ಅರಿವಿಲ್ಲದ ದುಡಿಮೆ ಬರಿಯ ಶ್ರಮವಾಗುತ್ತದೆ. ಇಲ್ಲಿ ಅರಿಯಬೇಕಾದುದು ಎರಡು: ಹಲಗೆಯ ಗುಣ, ನೆಲದ ಗುಣ.

ಹಲಗೆ ಇಡೀ ಮರವಲ್ಲ. ಮರದ ನಾರನ್ನು ಅಂಟಿನೊಡನೆ ಒತ್ತಿ, ಮೇಲೆ ಮರದ ಚಿತ್ರ ಮುದ್ರಿಸಿದ ಕಾಗದವಿಟ್ಟು, ಅದರ ಮೇಲೆ ಗಟ್ಟಿಯಾದ ಪಾರದರ್ಶಕ ಪದರವನ್ನು ಕೂಡಿಸಿರುತ್ತಾರೆ. ಇದು 1970ರ ದಶಕದಲ್ಲಿ ಸ್ವೀಡನ್ ದೇಶದಲ್ಲಿ ರೂಪುಗೊಂಡದ್ದು. ಮೇಲ್ಮೈ ಸವೆತವನ್ನು ತಾಳುತ್ತದೆ. ಒಡಲು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೂ ಮೊದಲಿನಂತಾಗದು.

ನೆಲವೂ ಎಲ್ಲ ಕಡೆ ಒಂದೇ ಅಲ್ಲ. ಚನ್ನರಾಯಪಟ್ಟಣ ಬಯಲುಸೀಮೆ, ಅರಕಲಗೂಡು ಮಲೆನಾಡಿನ ಸೆರಗು, ಹೊಳೆನರಸೀಪುರ ಹೇಮಾವತಿಯ ದಡ. ಹಳೆಯ ಮನೆಗಳ ನೆಲದಡಿ ತೇವ ತಡೆಯುವ ಪದರವಿರುವುದು ಅಪರೂಪ. ಆದುದರಿಂದ ಮೊದಲು ಪರೀಕ್ಷೆ: ಒಂದು ಗಜ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹರಡಿ, ನಾಲ್ಕಂಚಿಗೂ ಟೇಪು ಬಿಗಿದು, ಎರಡು ಮೂರು ದಿನ ಬಿಡಿರಿ. ಅಡಿಯಲ್ಲಿ ಹನಿಗೂಡಿದರೆ ಅಥವಾ ನೆಲದ ಬಣ್ಣ ಕಪ್ಪಾದರೆ ಹಾಸಬೇಡಿರಿ. ತೇವದ ಮೂಲವನ್ನು ಹುಡುಕಿರಿ. ಗೆದ್ದಲಿದ್ದರೆ ಅದಕ್ಕೂ ಮೊದಲೇ ಮದ್ದು ಮಾಡಿಸಿರಿ.

ನೆಲ ಒಣಗಿದೆಯೆಂದು ಖಚಿತವಾದ ಮೇಲೆ ಏರುತಗ್ಗುಗಳನ್ನು ಸರಿಪಡಿಸಬೇಕು. ಹಲಗೆಯ ಪೆಟ್ಟಿಗೆಗಳನ್ನು ಅದೇ ಕೋಣೆಯಲ್ಲಿ 48 ಗಂಟೆ ಮಲಗಿಸಿಡಬೇಕು. ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ತೆಳು ಫೋಮು, ಅನಂತರ ಹಲಗೆ. ಗೋಡೆಗೂ ಹಲಗೆಗೂ ನಡುವೆ ಬೆಣೆಯಿಟ್ಟು 8ರಿಂದ 10 ಮಿಲಿಮೀಟರ್ ಸಂದು ಬಿಡಬೇಕು; ಹಲಗೆ ಹಿಗ್ಗುವುದಕ್ಕೆ ಅದು ಎಡೆ. ಕೊನೆಯಲ್ಲಿ ಬೆಣೆ ತೆಗೆದು, ಅಂಚಿನ ಪಟ್ಟಿಯಿಂದ ಸಂದನ್ನು ಮರೆಮಾಡಬೇಕು. ಒಂದು ಸಾಲಿನ ಕೂಡುಗೆ ಮುಂದಿನ ಸಾಲಿನ ಕೂಡುಗೆಗೆ ನೇರವಾಗಿ ಬಾರದಂತೆ ಒಂದಡಿಯಷ್ಟಾದರೂ ಸರಿಸಬೇಕು.

ಕೊಳ್ಳುವಾಗಲೂ ಲೆಕ್ಕವಿರಲಿ. 12 ಅಡಿ ಉದ್ದ, 10 ಅಡಿ ಅಗಲದ ಕೋಣೆ 120 ಚದರಡಿ. ಕತ್ತರಿಸುವ ನಷ್ಟಕ್ಕೆ ನೂರಕ್ಕೆ ಹತ್ತು ಸೇರಿಸಿದರೆ 132. ಅದಕ್ಕಿಂತ ಹೆಚ್ಚಿನದು ಆಸೆ. ಗಂಡ ತಂದ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನವರ ಮನೆತನದವರಲ್ಲವೇ ನಾವು?

ಮಜ್ಜನದ ನೀರು ಬೀಳುವ ಲಿಂಗಪೂಜೆಯ ಕೋಣೆಗೂ, ಅಡುಗೆಮನೆ, ಬಚ್ಚಲುಗಳಿಗೂ ಈ ಹಲಗೆ ಬೇಡ. ಹಬ್ಬದ ಮುನ್ನಾದಿನ ಕೊಡಗಟ್ಟಲೆ ನೀರು ಸುರಿದು ತೊಳೆಯುವ ರೂಢಿಯನ್ನೂ ಹಲಗೆಯ ಮೇಲೆ ನಡೆಸಲಾಗದು. ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರಸಿದರೆ ಸಾಕು. ಮನೆಯ ಹೆಣ್ಣುಮಕ್ಕಳನ್ನು ಕೇಳದೆ ನೆಲ ಬದಲಿಸಬಾರದೆನ್ನುವುದು ಇದಕ್ಕಾಗಿಯೇ.

ಆ ಭಕ್ತರು ಹಲಗೆಗಳನ್ನು ಎತ್ತಿದಾಗ ಗೋಡೆಯಾಚೆಯ ಬಚ್ಚಲ ಕೊಳವೆ ಸೋರುತ್ತಿದ್ದುದು ತಿಳಿಯಿತು. ಅದನ್ನು ಸರಿಪಡಿಸಿ, ಮಾಘದವರೆಗೆ ನೆಲವನ್ನು ಒಣಗಬಿಟ್ಟು, ಪರೀಕ್ಷಿಸಿ, ಕೆಟ್ಟವನ್ನು ಬದಲಿಸಿ ಮತ್ತೆ ತಾವೇ ಹಾಸಿದರು. ಪೂಜೆಯ ಕೋಣೆಯ ಕೆಂಪು ನೆಲ ಹಾಗೆಯೇ ಉಳಿಯಿತು. ತಾಯಿ ಅಲ್ಲಿ ಎಂದಿನಂತೆ ಮಜ್ಜನ ನಡೆಸುತ್ತಾರೆ.

ಹೊದಿಕೆ ತೇವವನ್ನು ಮರೆಮಾಡುತ್ತದೆಯೇ ಹೊರತು ಆರಿಸುವುದಿಲ್ಲ. ವಿಭೂತಿ ಧರಿಸಿದ ಹಣೆಯ ಒಳಗಿನ ಮನಸ್ಸಿಗೂ ಈ ಮಾತು ಸಲ್ಲುತ್ತದೆ. ಮೊದಲು ಒಳಗನ್ನು ಪರೀಕ್ಷಿಸೋಣ; ಹೊದಿಕೆ ಆಮೇಲೆ.